ಇಳಿತಕ್ಕೆ ಯಾವ ಬಣ್ಣ

ನಾಲ್ಕನೇ ಮಹಡಿಯಲ್ಲಿ ಕಡಲಿದೆ.
ಲಿಫ್ಟು ಕೆಟ್ಟಿದೆ, ಹತ್ತಿಯೇ ಬರಬೇಕು.
ಬೆಂಗಳೂರು ಸಮುದ್ರ ಮಟ್ಟದಿಂದ ಒಂಬೈನೂರು ಮೀಟರು,
ಅದರ ಮೇಲೆ ಈ ಎಂಬತ್ತೆರಡು ಮೆಟ್ಟಿಲು.

ಹನ್ನೊಂದು ತಿಂಗಳ ಗುತ್ತಿಗೆಯವನು ನಾನು,
ಮೌಸು ಹಿಡಿದು ನೀರಿಗೆ ಬೇಲಿ ಹಾಕುತ್ತೇನೆ.
ಕೆಂಪು ಅಂದರೆ ಬಂದರು.
ಹಳದಿ, ಪ್ರವಾಸಿ ದೋಣಿ.
ಕಾಂಡ್ಲಾ ಕಾಡಿಗೆ ಕಡು ಹಸಿರು,
ಮೀನುಗಾರರಿಗೆ, ಉಳಿದ ನೀಲಿ.
ಮೂಲೆಗೆ ಮೂಲೆ ಕೂಡಿಸಿ ಎರಡು ಸಲ ಒತ್ತಿದರೆ
ಟಕ್ ಅಂತ ಅಲೆಗಳು ಒಳಗೆ ಬೀಳುತ್ತವೆ.
ಮಧ್ಯಾಹ್ನ ಚಿತ್ರಾನ್ನ ತಿಂದು
ಕೈ ತೊಳೆಯಲು ಹೋದರೆ ನಲ್ಲಿಯಲ್ಲಿ ನೀರಿಲ್ಲ.

ಆಕ್ಷೇಪಣೆಗೆ ಮೂವತ್ತು ದಿನ ಅಂತ ಪ್ರಕಟಣೆ.
ಇಪ್ಪತ್ತೊಂಬತ್ತನೆಯ ದಿನ ರಾತ್ರಿ ಬಸ್ಸು ಇಳಿದು
ಮಾಣಕಿ ಹರಿಕಂತ್ರ ಬಂದಳು,
ಪ್ರಕಟಣೆಯ ತುಂಡು ಪ್ಲಾಸ್ಟಿಕ್ ಕವರಿನಲ್ಲಿ.
ಬಾಗಿಲಲ್ಲೇ ಚಪ್ಪಲಿ ಬಿಟ್ಟಳು.
ಗುಡಿಯಲ್ಲ ಇದು, ಹಾಕಿಕೊಳ್ಳಿ ಅಂದೆ.
"ನೀರಿದ್ದಲ್ಲಿ ಬಿಡೂದೇ," ಅಂದಳು, ಪರದೆ ನೋಡುತ್ತ.

ಚಿಪ್ಪು ಕೊಯ್ದು ಕೊಯ್ದು
ಗೆರೆ ಅಳಿಸಿಹೋದ ಬೆರಳುಗಳು.
ರೇಷನ್ ಅಂಗಡಿಯ ಯಂತ್ರ ಅವನ್ನು ಒಪ್ಪುವುದಿಲ್ಲವಂತೆ.
ಅದರಲ್ಲೊಂದನ್ನು ಅಳಿವೆಯ ಮೇಲೆ ಇಟ್ಟಳು:
"ನಾವು ಬಳಚು ಹೆಕ್ಕೂ ಜಾಗ ಇದು.
ಇದಕ್ಕೆ ಎಂತಾ ಬಣ್ಣ?"

ನೋಡಿದೆ. ದೊಡ್ಡದು ಮಾಡಿ ನೋಡಿದೆ.
ಅಲ್ಲಿ ಬಿಳಿ.
ಕಂದಾಯದವರ ನೆಲ ಮುಗಿದು
ನಮ್ಮ ಕಡಲು ಶುರುವಾಗುವ ನಡುವೆ
ಯಾರ ಕಡತದಲ್ಲೂ ಇಲ್ಲದ ಸಂದು.
ಅದು ನೀರೂ ಅಲ್ಲ ಅಮ್ಮ, ನೆಲವೂ ಅಲ್ಲ.
"ಆರು ತಾಸು ನೀರು, ಆರು ತಾಸು ನೆಲ.
ನಿನ್ನ ನಕ್ಷಿಗೆ ಇಳ್ತ ಇಲ್ವನಾ, ಮಗಾ?"

ಇಲ್ಲ.
ನಕ್ಷೆಗೆ ಹುಣ್ಣಿಮೆ ಇಲ್ಲ, ಅಮಾಸೆ ಇಲ್ಲ.
ಮೂಲೆಯಲ್ಲೊಂದು ಬಾಣ, ಸದಾ ಉತ್ತರಕ್ಕೆ.

ಅವರಲ್ಲೂ ಒಂದು ಯೋಜನೆ ಇದೆಯಂತೆ, ಬರೆದಿಡದ್ದು.
ಹೆಬ್ಬೆರಳ ಗಿಣ್ಣಿಗಿಂತ ಸಣ್ಣದು ವಾಪಸು ಕೆಸರಿಗೆ.
ತೆಂಕಲ ದಿಬ್ಬದಲ್ಲಿ ಬಿದಿರ ಗಳ ನೆಟ್ಟರೆ
ಕೀಳುವ ತನಕ ಯಾರೂ ಆಚೆ ಕೈ ಹಾಕುವಂತಿಲ್ಲ.
ಹಾಕಿದರೆ?
"ಮಾತಾಡ್ಸೂದಿಲ್ಲ ಯಾರೂ. ಮೂರು ದಿನ.
ನಾನೂ ಒಂದ್ಸಲ ಹಾಕಿದ್ದೆ," ನಕ್ಕಳು,
"ಗಂಡಗೆ ಜ್ವರ ಆಗಿತ್ತು."

ಬಸ್ಸು ಎಲ್ಲಿ ಇಳಿಸಿತು ಅಂದೆ. ಮೆಜೆಸ್ಟಿಕ್ಕು.
ಅದು ಕೆರೆಯಾಗಿತ್ತು ಅಂದೆ, ಯಾಕೆ ಅಂದೆನೋ.
ಧರ್ಮಾಂಬುಧಿ ಅಂತ. ಅಂಬುಧಿ ಅಂದರೆ ಕಡಲು.
ಇಷ್ಟು ಎತ್ತರದಲ್ಲಿ ಕೂತ ಊರು
ತನ್ನದೊಂದು ಕೆರೆಯನ್ನು
ಕಡಲೆಂದು ಕರೆದುಕೊಂಡಿತ್ತು.
ಆಮೇಲೆ ಅದಕ್ಕೂ ಯಾರೋ ಬಣ್ಣ ಹಚ್ಚಿರಬೇಕು,
ನನ್ನಂಥವನೇ, ಒಳ್ಳೆಯ ಗೆರೆಯವನು.
ಅವಳು ಕೇಳಿದ್ದು ಒಂದೇ:
"ಮೀನು ಎಲ್ಲಿಗೆ ಹೋದವು?"

ಅರ್ಜಿ ನಾನೇ ಟೈಪು ಮಾಡಿಕೊಟ್ಟೆ.
ಅಳಿವೆ ಎಂದು ಹೊಡೆದರೆ ಯಂತ್ರ ಕೆಂಪು ಗೀರೆಳೆದು
ಅಳಿವು ಎಂದಿರಬೇಕೇ, ಕೇಳಿತು.
ಬೇಡ ಅಂತ ಒತ್ತಿದೆ.
ಮುಂದಿನ ಸಾಲಿಗೂ ಕೇಳಿತು.
ಒಟ್ಟು ಏಳು ಸಲ ಬೇಡ.
ಕೊನೆಗೆ ಅವಳ ಹೆಬ್ಬೆಟ್ಟು: ಗೆರೆಯೇ ಇಲ್ಲದ
ನೇರಳೆ ಮಚ್ಚೆ.
ನನ್ನ ಸೂಚಿಯಲ್ಲಿ ಆ ಬಣ್ಣವೂ ಇಲ್ಲ.

ಹೋಗುವಾಗ ಒಣ ಶೆಟ್ಲಿಯ ಪೊಟ್ಟಣ ಕೊಟ್ಟಳು,
ಲಂಚ ಅಲ್ಲ ಇದು, ಚಟ್ನಿಗೆ ಅಂತ.
ಮೆಟ್ಟಿಲಿಳಿಯುವಾಗ ಎಣಿಸುತ್ತಿದ್ದಳು ಅನಿಸುತ್ತದೆ,
ತುಟಿ ಅಲುಗುತ್ತಿತ್ತು.

ಸಂಜೆ ಸಾಹೇಬರು ಬಂದರು.
ಎಲ್ಲ ಮುಚ್ಚಿದೆಯಾ ಅಂದರು, ನಾಳೆ ಕಳಿಸಬೇಕು.
ಒಂದು ಉಳಿದಿದೆ ಸಾರ್, ಗೆರೆ ಕೂಡುತ್ತಿಲ್ಲ.
ಏನಯ್ಯ ಇದು ವಾಸನೆ, ಅಂದರು.
ಉತ್ತರಿಸದೆ
ಡ್ರಾಯರು ತಳ್ಳಿದೆ.
ಅದು ಎಂದೂ ಪೂರ್ತಿ ಮುಚ್ಚುವುದಿಲ್ಲ.