ಮಡಿ ಅಂಗಿ

ಮೊದಲೆಲ್ಲ ಕತ್ತರಿ ತರುತ್ತಿದ್ದೆ.
ಬೆನ್ನ ಕೆಳಗೆ, ಪ್ಯಾಂಟಿನೊಳಗೆ ಸೇರುವ ಕಡೆ,
ನಾಣ್ಯದಗಲ ಬಟ್ಟೆ ಕತ್ತರಿಸಿ
ಲಕೋಟೆಯಲ್ಲಿ ಬೊಗೊಟಾಕ್ಕೆ ಕಳಿಸುವುದು.
ಉತ್ತರ ಬರಲು ಐದು ವಾರ.
ಅಷ್ಟರಲ್ಲಿ ಆ ತೂತಂಗಿಯವನು
ಕಾಡು ಹೊಕ್ಕು, ಹೊರಬಂದು,
ಕಿವಿಯಂಚಿಗೊಂದು ಹುಣ್ಣು ಹೊತ್ತು
ಆಸ್ಪತ್ರೆಯ ಬೆಂಚಿನಲ್ಲಿ ಕೂತಿರುತ್ತಿದ್ದ.
ಎಳ್ಳಿಗಿಂತ ಚಿಕ್ಕ ಮರಳುನೊಣ ಕೊಟ್ಟದ್ದು.
ನೋಯದ ಹುಣ್ಣು; ಅದೇ ಅದರ ಕಪಟ.
ತಿಂಗಳುಗಟ್ಟಲೆ ತಿನ್ನುತ್ತದೆ, ಸದ್ದಿಲ್ಲದೆ.

ಈಗ ಹೆಗಲಿಗೊಂದು ಪೆಟ್ಟಿಗೆ,
ಹೊಲಿಗೆ ಮೆಷಿನ್ನಿನ ತಲೆಯಷ್ಟು ಭಾರ.
ಒದ್ದೆ ಹತ್ತಿಯಿಂದ ತೋಳನ್ನು ಹತ್ತು ಸಲ ಉಜ್ಜಿ
ಪಟ್ಟಿಗೆ ಒತ್ತಿ, ಅದರ ಬಾಯಿಗಿಟ್ಟರೆ
ನಾಲ್ಕು ನಿಮಿಷಕ್ಕೆ ಸಂಖ್ಯೆ:
ಕಾರ್ಖಾನೆಯಲ್ಲಿ ಕುಡಿಸಿದ ಮದ್ದು
ನೂರಕ್ಕೆ ಎಷ್ಟು ಉಳಿದಿದೆ ಎಂದು.
ಅಂಗಿ ಬಿಚ್ಚಬೇಕಿಲ್ಲ. ಹುಡುಗರು
ನಾಡಿ ತೋರಿಸುವವರ ಹಾಗೆ ಕೈ ಚಾಚುತ್ತಾರೆ.

ಕಾಲಾಮಾರ್. ಉನಿಯಾ ಹೊಳೆಯ ದಂಡೆ.
ತಗಡಿನ ಚಾವಣಿಯ ಕೆಳಗೆ ಬೆಳಗಿನ ಆರೂವರೆ.
ಮೊದಲು ಎವೆಲಿಯೊ ಚಿಂದೋಯ್.
ಅವನ ಅಂಗಿ ನೋಡಿ ನನ್ನದರ ಬಗ್ಗೆ ನಾಚಿಕೆಯಾಯಿತು:
ಇಸ್ತ್ರಿಯ ಗೆರೆ ಚೂರಿಯ ಹಾಗೆ,
ಕಾಲರಿನಲ್ಲಿ ಕೊಳೆಯ ನೆನಪೂ ಇಲ್ಲ.
‘ದಿನಾ ಒಗೆಸ್ತೀನಿ’ ಅಂದ,
‘ಅದಕ್ಕೇ ಸಾರ್ಜೆಂಟ್ ಎರಡು ಸಲ ರಜೆ ಕೊಟ್ರು.’
ಪೆಟ್ಟಿಗೆ ಯೋಚಿಸಿತು.
ನಾಲ್ಕು.
ಮತ್ತೊಮ್ಮೆ ಉಜ್ಜಿದೆ. ಮೂರು.

ಆಮೇಲೆ ಒರೊಸ್ಕೊ.
ಕಂಕುಳಲ್ಲಿ ಉಪ್ಪಿನ ನಕಾಶೆ,
ಬಿಚ್ಚಿಟ್ಟರೂ ಅಂಗಿ ತಾನೇ ನಿಲ್ಲುವಷ್ಟು ಬಿಗಿ.
ಸಾಲಿನವರು ಮೂಗು ಮುಚ್ಚಿ ಜಾಗ ಬಿಟ್ಟರು.
ಎಪ್ಪತ್ತೊಂದು.
ಮದುಮಗನ ಹಾಗೆ ಸುತ್ತಲೂ ನೋಡಿದ.
ಸಾರ್ಜೆಂಟ್ ಮಾತ್ರ ನನ್ನನ್ನೇ ನೋಡುತ್ತಿದ್ದರು,
ಯಾರೋ ತಮ್ಮ ಬೂಟಿನೊಳಗೆ ನೀರು ಸುರಿದಂತೆ.
ಸೇನೆಗೆ ಹೇಗೆ ಹೇಳಲಿ, ಕೊಳಕಾಗಿರಿ ಎಂದು?

ಮದ್ದು ಹೋದದ್ದಾದರೂ ಎಲ್ಲಿಗೆ?
ಆ ಪ್ರಶ್ನೆ ನನ್ನ ಕೆಲಸದ್ದಲ್ಲ.
ಹಿತ್ತಿಲಲ್ಲಿ ರುಬಿಯೆಲಾ ಒಗೆಯುತ್ತಿದ್ದಳು.
ಸಿಮೆಂಟಿನ ತೊಟ್ಟಿ, ಬಡಿದು ಬಡಿದು ಸವೆದ ಅಂಚು,
ನೊರೆ ಹೊತ್ತು ಹೊಳೆಗಿಳಿಯುವ ಸಣ್ಣ ಕಾಲುವೆ,
ಹನ್ನೊಂದು ವರ್ಷದಿಂದ ಒಂದೇ ಏಪ್ರನ್.
‘ನನ್ನದೂ ನೋಡು ತಾಯಿ’ ಎಂದು
ತಮಾಷೆಗೆ ಸೊಂಟ ಮುಂದೆ ಮಾಡಿದಳು.
ತಮಾಷೆಗೇ ಉಜ್ಜಿದೆ.
ನಾಲ್ಕು ನಿಮಿಷ ಮಾತಾಡಿದೆವು:
ಸೋಪಿನ ಬೆಲೆ,
ರಾತ್ರಿ ಬೆರಳ ತುದಿಗೆ ಹಿಡಿಯುವ ಜುಮ್ಮು,
ಬಟ್ಟೆರಾಶಿಯ ಮೇಲೆ ಮಲಗುತ್ತಿದ್ದ ಹಳದಿ ಬೆಕ್ಕು
ಈಸ್ಟರಿನ ವಾರ ನಡುಗಿ ನಡುಗಿ ಸತ್ತದ್ದು.
‘ಹಾವು ಮುಟ್ಟಿರಬೇಕು’ ಅಂದಳು.
‘ಒಂದು ಮಾತ್ರ ನನ್ನ ಪುಣ್ಯ ನೋಡು,
ಈ ಇಡೀ ದಂಡೆಯಲ್ಲಿ
ನೊಣ ಕಚ್ಚದವಳು ನಾನೊಬ್ಬಳೇ.’

ನೂರ ಮೂವತ್ತೆಂಟು.

ಪೆಟ್ಟಿಗೆಯನ್ನು ತಟ್ಟಿದೆ. ಹೊಸ ಪಟ್ಟಿ ಹಾಕಿದೆ.
ನೂರ ನಲವತ್ತು.
‘ಪಾಸೇ?’ ಎಂದು ಕೇಳಿದಳು.
ಎಲ್ಲರಿಗಿಂತ ಹೆಚ್ಚು ಎಂದೆ.
ಬೇರೆ ಮಾತು ಬಾಯಿಗೆ ಬರಲಿಲ್ಲ.

ಫಾರಂನಲ್ಲಿ ಅಂಗಿಗೆ ಜಾಗವಿದೆ, ಪ್ಯಾಂಟಿಗಿದೆ,
ಟೋಪಿಗೂ ಇದೆ.
ನನ್ನ ಕೈಗವಸಿನ ಡಬ್ಬಿ ಅವಳಿಗೆ ಕೊಟ್ಟೆ.
ಮೊದಲ ಬಡಿತಕ್ಕೇ ಹರಿದವು; ನಕ್ಕಳು.
ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ
ಅವಳ ಹೆಸರು, ಅವಳ ಸಂಖ್ಯೆ ಬರೆದೆ,
ಬೊಗೊಟಾದಲ್ಲಿ ರಬ್ಬರುಗಳಿವೆ ಎಂದು ಗೊತ್ತಿದ್ದೂ.

ಸಂಜೆ ಚಿಂದೋಯ್‌ಗೆ ಹೊಸ ಅಂಗಿ ಕೊಟ್ಟರು.
ಮೂಗಿಗೆ ಹಿಡಿದು ಮುಖ ಕಿವುಚಿದ.
‘ಸೆನ್ಯೊರಾ, ಹಾಕ್ಕೊಳ್ಳೋ ಮುಂಚೆ
ಒಂದೇ ಒಂದು ಸಲ ಒಗೆಸ್ಲಾ?’
ತೊಟ್ಟಿಯ ಕಡೆಯಿಂದ ರುಬಿಯೆಲಾ
ಆಗಲೇ ಕೈ ಚಾಚಿದ್ದಳು.