ಹದಿನೈದು ನಿಮಿಷ

ದುಧನಿಯ ಅಡತ ಬಜಾರಿನಲ್ಲಿ ನಮ್ಮ ತಪಾಸಣೆಯ ವ್ಯಾನು ನಿಂತರೆ
ಮೊದಲು ಚಹಾ ಬರುತ್ತದೆ, ಆಮೇಲೆ ದೊಡ್ಡವರ ಫೋನು.
ಚಹಾ ಕುಡಿಯುತ್ತೇನೆ. ಫೋನು ಡ್ರೈವರನ ಕೈಗೆ ಕೊಡುತ್ತೇನೆ,
ಅವನಿಗೆ ಕಿವಿ ಮಂದ.

ಗುರುಶಾಂತಪ್ಪನ ಅಡತಿಯಿಂದ ಎತ್ತಿ ತಂದ ತೊಗರಿಬೇಳೆ
ಎರಡು ಚಮಚ, ಗಾಜಿನ ಬಟ್ಟಲಲ್ಲಿ.
ಮೇಲೆ ತೆಳು ಆಸಿಡ್, ಕೆಳಗೆ ಕುದಿ ಹತ್ತದಷ್ಟು ಬಿಸಿ.
ಥಟ್ಟನೆ ಕೆಂಪಾದರೆ ಕಳ್ಳಬಣ್ಣ.
ತಡೆದು, ನಾಚಿಕೊಂಡ ಹಾಗೆ ಕೆಂಪಾದರೆ
ಪುಸ್ತಕದಲ್ಲಿ ಕೇಸರಿ ಬೇಳೆ, ಇಲ್ಲಿಯವರ ಬಾಯಲ್ಲಿ ಲಾಖ್.
ಹದಿನೈದು ನಿಮಿಷ ಕಾಯಬೇಕು.
ಮೋಸದಲ್ಲೂ ಅವಸರದ್ದು ಬೇರೆ, ಸಾವಕಾಶದ್ದು ಬೇರೆ.

ಚೀಲ ಇಳಿಸಿ ಬಂದ ಹಮಾಲ ಲಾಡ್ಲೇಸಾಬ
ವ್ಯಾನಿನ ಬಾಗಿಲಿಗೆ ಹೆಗಲು ಕೊಟ್ಟು ನಿಂತ.
ಬೋರ್ಡೆಲ್ಲ ಮರಾಠಿಯಾದ ಊರಲ್ಲಿ
ಬೈಗುಳ, ಲೆಕ್ಕ, ನೆನಪು ಮೂರನ್ನೂ ಕನ್ನಡದಲ್ಲೇ ಇಟ್ಟುಕೊಂಡವನು.
"ಇದನ್ನ ನೋಡ್ಲಾಕ ಆಸಿಡ್ ಯಾಕ್ರಿ ಬಾಯಾರ?"
ಅಂಗೈ ಮೇಲೆ ನಾಲ್ಕು ಬೇಳೆ ಹರವಿದ.
ಮೂರು ದುಂಡಗೆ. ಒಂದು ಮಾತ್ರ
ಮಗ್ಗುಲು ಕೆತ್ತಿದ ಹಾಗೆ ಇಳಿಜಾರು, ಗುಬ್ಬಚ್ಚಿ ಹಿಡಿಯುವಷ್ಟು ಸಣ್ಣ ಕೊಡಲಿ.

ಮೂರನೆಯ ನಿಮಿಷ. ನೀರು ಇನ್ನೂ ನೀರೇ.

"ಮಳಿ ಕೈಕೊಟ್ಟ ವರ್ಷ ಇದೊಂದೇ ಬೆಳೀತಿತ್ರಿ.
ಮಾಲಕರು ಅಪ್ಪನ ಕೂಲಿಗಿ ಇದನ್ನೇ ಅಳೀತಿದ್ರು, ತಮ್ಮ ಮನಿಗಿ ತೊಗರಿ.
ನಾವು ಸಾಯಲಿಲ್ಲ. ಅದನ್ನೂ ಬರಕೋರಿ.
ನನಗ ಐದು ವರ್ಷ. ನಮ್ಮಣ್ಣ ಮಶಾಕಗ ಹನ್ನೆರಡು,
ಮೈತುಂಬ ಕುಸ್ತಿ ಮಣ್ಣು.
ಅವ್ವ ಕುದಿಸಿ ಬಸೀತಿದ್ಳು. ಬ್ಯಾಳಿ ಎಲ್ಲಾರಿಗೂ,
ಕಟ್ಟು ಅವಗೊಬ್ಬಗ.
ಬೆಳಿಯೋ ಹುಡುಗ, ಕಸುವೆಲ್ಲಾ ಅದರಾಗೇ ಅದ ಅಂತ.
ಒಂದಿನ ನಸುಕಿನ್ಯಾಗ ಅಂವ ಎದ್ದ. ಕಾಲು ಏಳಲಿಲ್ಲ."
ಎರಡು ಬೆರಳು ಕತ್ತರಿಯಂತೆ ಹೆಣೆದು ತೋರಿಸಿದ.

ನನಗೆ ಗೊತ್ತಿತ್ತು. ಕಾಲೇಜಿನಲ್ಲಿ ಎರಡು ಅಂಕದ ಉತ್ತರ ಅದು:
ವಿಷ ನೀರಿಗೆ ಇಳಿಯುತ್ತದೆ.
ನೆನೆಸು, ಚೆಲ್ಲು. ಕುದಿಸು, ಬಸಿ, ಮತ್ತೆ ಚೆಲ್ಲು.
ಆ ತಾಯಿ ಚೆಲ್ಲಬೇಕಾದ್ದನ್ನೇ
ಎಲ್ಲರಿಗಿಂತ ಹೆಚ್ಚು ಪ್ರೀತಿಸಿದವನಿಗೆ ಎರೆದಿದ್ದಳು.
ಹೇಳಲೇ? ನಾಲಿಗೆ ಹಲ್ಲಿನ ಹಿಂದೆಯೇ ನಿಂತಿತು.
ಯಾರು ಯಾವಾಗ ಹೋಗಿ ಹೇಳಿದ್ದರು ಅವಳಿಗೆ?
ಹೇಳಿದ್ದರೂ, ಹಸಿದ ಮನೆಯಲ್ಲಿ ಯಾರು ಚೆಲ್ಲುತ್ತಾರೆ ಕಟ್ಟು?

ಒಂಬತ್ತು.

ಬದಲಿಗೆ ಬೇರೆ ಸುದ್ದಿ ಹೇಳಿದೆ:
ವಿಷ ತಗ್ಗಿದ ತಳಿ ಬೆಳೆಸಿದ್ದಾರೆ, ಸಾಬ,
ಒಣನೆಲದಲ್ಲೂ ಹಟ ಬಿಡದ ಅದೇ ಬಳ್ಳಿ.
ಅವನು ಮೀಸೆಯಲ್ಲೇ ನಕ್ಕ.
"ಐವತ್ತು ವರ್ಷ ತಡಾ ಆತು. ಇರ್ಲಿ, ಯಾರಿಗರ ಆಗ್ತದ."

ಹನ್ನೆರಡಕ್ಕೆ ಗುರುಶಾಂತಪ್ಪ ಬಂದ, ಕೊರಳಲ್ಲಿ ಟವೆಲು, ತಗ್ಗಿದ ದನಿ.
"ಕ್ವಿಂಟಲಿಗಿ ಐದೇ ಕಿಲೋ ಬಾಯಾರ. ಹೊಟ್ಟಿಗೇನು ಗೊತ್ತಾಗ್ತದ?"
ನಿಜ. ಹೊಟ್ಟೆಗೆ ಗೊತ್ತಾಗುವುದಿಲ್ಲ.
ತುಂಬಿತು ಎನ್ನುತ್ತದೆ, ತೇಗುತ್ತದೆ, ನಂಬುತ್ತದೆ.
ಗೊತ್ತಾಗುವುದು ಕಾಲಿಗೆ.

ಹದಿನೈದು. ಬಟ್ಟಲಲ್ಲಿ ಗುಲಾಬಿ,
ಕಂಡೂ ಕಾಣದಷ್ಟು, ಆದರೆ ಇದೆ.

ಚೀಟಿ ಬರೆದೆ. ಅರಗು ಕಾಯಿಸಿ ಮೊಹರು ಒತ್ತುವಾಗ
ಲಾಡ್ಲೇಸಾಬ ಇಣುಕಿದ: "ಮರಾಠ್ಯಾಗ ಅದಕ್ಕೂ ಲಾಖ್ ಅಂತಾರ.
ಲಾಖಿಗಿ ಲಾಖೇ ಮುದ್ರಿ."
ಆಮೇಲೆ ಕೇಳಿದ, ಎಪ್ಪತ್ತು ಚೀಲ ಏನು ಮಾಡ್ತೀರಿ?
ನಾಶ ಮಾಡ್ತಾರೆ ಎಂದೆ.
ಅವನು ಅಂಗೈಯ ನಾಲ್ಕು ಬೇಳೆಯನ್ನು ಚೆಲ್ಲಲೂ ಇಲ್ಲ, ಕೊಡಲೂ ಇಲ್ಲ,
ಮುಷ್ಟಿಯಲ್ಲಿ ಹಿಡಿದು ಮುಂದಿನ ಲಾರಿಗೆ ನಡೆದ.

ರಾತ್ರಿ ಸೋಲಾಪುರದ ಮನೆಯಲ್ಲಿ ಬೇಳೆ ಬಸಿಯುವಾಗ
ಮಗಳು ಬಟ್ಟಲು ಒಡ್ಡಿದಳು, ಕಟ್ಟು ನನಗೇ ಎಂದು.
ನಾನೇ ನೋಡಿ ತಂದ ಬೇಳೆ. ಕೊಟ್ಟೆ.
ಕುಡಿದು, ಬಾಯಿ ಒರೆಸಿಕೊಳ್ಳದೆ ಓಡಿದಳು.
ಸೌಟು ಕೈಯಲ್ಲೇ ಹಿಡಿದು ಕೇಳುತ್ತ ನಿಂತೆ
ಆ ಹೆಜ್ಜೆಗಳನ್ನು, ಮೆಟ್ಟಿಲ ಕೊನೆಯವರೆಗೆ.