ಗೋಡೆ ಬಾಯಿ ಬಿಟ್ಟ ವಾರ

ಟಿಬಿಲಿಸಿಯ ಈ ಹಳೆಯ ವಠಾರದಲ್ಲಿ
ಹದಿನೇಳು ಮನೆ, ಒಂದು ನಲ್ಲಿ, ಒಂದು ಹಿಪ್ಪುನೇರಳೆ ಮರ.
ಸಭೆಯ ನಡಾವಳಿ ಬರೆಯುವ ಕೆಲಸ ನನ್ನದು,
ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ.

ಪಕ್ಕದ ನಿವೇಶನದಲ್ಲಿ ಗುಂಡಿ ತೋಡಿದ್ದಾರೆ.
ಹದಿನೈದು ಮಹಡಿ ಬರುತ್ತದಂತೆ. ಸದ್ಯಕ್ಕೆ ಬಂದಿರುವುದು
ಹಳದಿ ಕ್ರೇನು, ಧೂಳು,
ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುವ ಶಿಕ್ಷೆ,
ಮೆಟ್ಟಿಲ ಬಳಿಯ ಗೋಡೆಯಲ್ಲಿ
ಒಂದು ಬಿರುಕು.

ಗೋಡೆಗೆ ಕಿವಿಯುಂಟೆಂದು ಗೊತ್ತಿತ್ತು ನಮಗೆ.
ಆ ಕಿವಿಗೆ ಹೆದರಿ ಅರ್ಧ ಆಯುಷ್ಯ ಪಿಸುಮಾತಿನಲ್ಲೇ ಕಳೆದವರು.
ಈಗ ಅದು ಬಾಯಿ ಬಿಟ್ಟಿದೆ.

ಮೆಟ್ರೋ ಸುರಂಗದಲ್ಲಿ ಮೂವತ್ತು ವರ್ಷ ದುಡಿದ ಮುರ್ಮನ್
ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿಯೊಂದನ್ನು
ಗಾರೆ ಮೆತ್ತಿ ಕೂರಿಸಿದ. ಪೆನ್ಸಿಲಿನಲ್ಲಿ ತಾರೀಖು ಬರೆದ.
“ಗೋಡೆ ಸರಿದರೆ ಗಾಜು ಒಡೆಯುತ್ತದೆ.
ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿರಿ” ಅಂದ.
ಯಾರು ಮುಚ್ಚಿಕೊಳ್ಳುತ್ತಾರೆ?

ಭಾನುವಾರದ ಸಭೆ. ಬರೆದುಕೊಂಡದ್ದು ಇಷ್ಟು:
ಕಮಾನಿನ ಕೆಳಗೆ ದೀಪವಿಲ್ಲ, ನವೆಂಬರಿನಿಂದ.
ಗುಂಡಿಗೆ ಬೇಲಿಯೆಂದರೆ ಒಂದು ರಿಬ್ಬನ್ನು,
“ಹುಟ್ಟುಹಬ್ಬಕ್ಕೆ ಕಟ್ಟಿದ ಹಾಗೆ” ಎಂದಳು ಲಮಾರಾ.
ಬೀದಿನಾಯಿಯ ವಿಚಾರ, ಇಪ್ಪತ್ತು ನಿಮಿಷ.
ಬೆಂಕಿ ಬಿದ್ದರೆ ನೀರಿನ ಲಾರಿ ಒಳಬರುವುದೆಲ್ಲಿಂದ,
ದಾರಿಗಡ್ಡ ಜೆಮಾಲನ ಕಾರು. ಜೆಮಾಲ್ ಎದ್ದು ಹೋದ.
ಕಾರು ತೆಗೆಯಲಿಕ್ಕಲ್ಲ, ಸಿಟ್ಟಿಗೆ.

ಆಮೇಲೆ ಅರಾಕ್ಸಿ. ಮೂರನೆಯ ಮಹಡಿಯ ಒಂಟಿ ಮುದುಕಿ,
ಕೆಳಗಿಳಿಯದೆ, ಮರದ ಜಗಲಿಯ ಕಟಕಟೆಗೆ ಎದೆಯೊತ್ತಿ:
“ಕಂಪನಿಯವರು ನನ್ನನ್ನೂ ಮಾತಾಡಿಸಿದ್ದಾರೆ.
ಇದನ್ನು ಕೆಡವಲು ಬಿಟ್ಟರೆ ಅಲ್ಲೇ ಮನೆಯಂತೆ, ಲಿಫ್ಟಂತೆ.
ನಿಮಗೆ ಈ ಮೆಟ್ಟಿಲು ಪುರಾತನ, ಚೆಂದ.
ನನಗೆ ಐವತ್ತೆರಡು. ವಯಸ್ಸಲ್ಲ, ಮೆಟ್ಟಿಲು.
ಎರಡು ಚಳಿಗಾಲದಿಂದ ನೆಲ ಮುಟ್ಟಿಲ್ಲ ನಾನು.
ರೊಟ್ಟಿ ಬುಟ್ಟಿಯಲ್ಲಿ ಏರಿ ಬರುತ್ತದೆ,
ನಾನು ಯಾವುದರಲ್ಲಿ ಇಳಿಯಲಿ?”

ಇದನ್ನು ಹೇಗೆ ಬರೆಯುವುದೆಂದು ತಿಳಿಯದೆ
‘ಒಬ್ಬರು ಭಿನ್ನಾಭಿಪ್ರಾಯ ಸೂಚಿಸಿದರು’ ಎಂದು ಬರೆದೆ.
ದುಂಡಗಿನ ಅಕ್ಷರ. ನಾಚಿಕೆಯಾಯಿತು.

ಬುಧವಾರ ಬೆಳಿಗ್ಗೆ ಗಾಜು ಎರಡು ತುಂಡು.
ಎಲ್ಲರೂ ಬಂದರು, ಅರ್ಧ ಬೋಳಿಸಿದ ಗಡ್ಡದಲ್ಲಿ, ಒದ್ದೆ ತಲೆಯಲ್ಲಿ.
ಕಂಪನಿಯ ಹುಡುಗನೂ ಬಂದ, ತಲೆಗೆ ಬಿಳಿ ಹೆಲ್ಮೆಟ್ಟು:
“ಇಲ್ಲಿ ಮಕ್ಕಳು ಚೆಂಡಾಡುವುದಿಲ್ಲವೇ?”
ತುಂಬ ಮೃದುವಾಗಿ ಕೇಳಿದ.
ಹದಿನೇಳು ಮನೆಯ ಕಣ್ಣು ಸಾಂದ್ರೋನ ಮೇಲೆ ಬಿತ್ತು,
ಒಂಬತ್ತು ವರ್ಷ, ಕಂಕುಳಲ್ಲಿ ಚೆಂಡು.
ಲಮಾರಾ ಮೊಮ್ಮಗನ ಕಿವಿ ಹಿಂಡಿದಳು.
ಸುಳ್ಳೇಕೆ, ನಮಗೆಲ್ಲ ಸಮಾಧಾನವೇ ಆಯಿತು.
ಚೆಂಡಾದರೆ ಒಳ್ಳೆಯದು. ಚೆಂಡಾದರೆ ಮಲಗಬಹುದು.

ಮುರ್ಮನ್ ಹೊಸ ಗಾಜು ಮೆತ್ತಿದ. ಹೊಸ ತಾರೀಖು.
ಅದರೆದುರು ಸ್ಟೂಲು ಹಾಕಿ ಕೂತ ಸಾಂದ್ರೋ
ಶಾಲೆಗೆ ಹೋಗಲಿಲ್ಲ, ಕರೆದರೆ ಏಳಲಿಲ್ಲ,
ಅಜ್ಜಿ ಎರಡು ಸಲ ಎಳೆದು ನೋಡಿ ಸೋತಳು.
ಸಂಜೆಗೆ ಅರಾಕ್ಸಿಯ ಬುಟ್ಟಿ ಹಗ್ಗದಲ್ಲಿ ಇಳಿದು
ಅವನ ಮೂಗಿನ ಮುಂದೆ ನಿಂತಿತು:
ಚೀಸು ತುಂಬಿದ ರೊಟ್ಟಿ, ಅರ್ಧ, ಬಿಸಿ.
ರಾತ್ರಿ ಕಂಬಳಿಯೂ ಇಳಿಯಿತು.

ಗುರುವಾರ ನಸುಕಿಗೆ ನನ್ನ ಬಾಗಿಲು ಬಡಿದ.
“ಬರೆದುಕೊಳ್ಳಿ. ಯಾರೂ ಮುಟ್ಟಲಿಲ್ಲ.
ನಾನು ನೋಡುತ್ತಲೇ ಇದ್ದೆ.
ಟಿಕ್ ಅಂತು, ಅಷ್ಟೇ.”

ಬರೆದುಕೊಂಡೆ, ಹೇಳಿದ ಹಾಗೆಯೇ. ಟಿಕ್ ಅನ್ನುವುದನ್ನೂ.

ಮೇಲಿನಿಂದ ಅರಾಕ್ಸಿ ಕೂಗಿದಳು: “ಏನಂತೆ ಗೋಡೆ?”
ಯಾರಿಗೂ ಉತ್ತರ ಹೊಳೆಯಲಿಲ್ಲ.
ಮುರ್ಮನ್ ಒಂದು ಕುರ್ಚಿ ಎತ್ತಿಕೊಂಡ, ಇನ್ನೊಂದು ಬದಿಗೆ
ಜೆಮಾಲ್ ಬಂದು ನಿಂತ, ಯಾರೂ ಕರೆಯದೆ.
ಐವತ್ತೆರಡನ್ನೂ ಇಳಿಸಿದರು, ಪ್ರತಿ ತಿರುವಿನಲ್ಲೂ ಜಗಳವಾಡುತ್ತ.

ಬಿರುಕಿನೆದುರು ಕುರ್ಚಿ ನಿಂತಿತು.
ಅರಾಕ್ಸಿ ಕಿರುಬೆರಳು ಒಳಗಿಟ್ಟು ನೋಡಿದಳು. ಹಿಡಿಸಿತು.
“ನನಗೆ ಲಿಫ್ಟು ಬೇಕು, ಆ ಮಾತಿನಲ್ಲಿ ಬದಲಿಲ್ಲ” ಅಂದಳು.
“ಆದರೆ ಇದು ಚೆಂಡಲ್ಲ.
ಎರಡನ್ನೂ ಬರೆ. ಹೆಸರು ಹಾಕಿ ಬರೆ.”
ಆಮೇಲೆ ಚಪ್ಪಲಿ ಕಳಚಿ,
ಎರಡೂ ಪಾದ ಅಂಗಳದ ಕಲ್ಲಿನ ಮೇಲೆ ಊರಿ,
ತಣ್ಣಗಿದೆ ಎಂದು ಬೈದಳು.